ಇಪ್ಪತ್ತು ಸಾಲಿನ ಚೀಟಿಯೂ ಸಂಘದ ಹಳೆಯ ಸಂಚಿಕೆಗಳೂ

ನಮ್ಮ ಸಂಘದ ಗ್ರಂಥಾಲಯದಲ್ಲಿ ಎರಡನೆಯ ಕಪಾಟನ್ನು ತೆರೆದವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ಬಾಗಿಲು ತೆಗೆದೊಡನೆ ಹಳೆಯ ಕಾಗದದ ವಾಸನೆ, ಅದರ ಹಿಂದೆಯೇ ಎರಡು ಸೀನು, ಆಮೇಲೆ ಕೈಗೆ ಬಂದ ಸಂಚಿಕೆಯ ಮೂಲೆ ಪುಡಿಯಾಗಿ ನೆಲದ ಮೇಲೆ. 1970ರಿಂದ 2015ರವರೆಗಿನ ನಮ್ಮ ತ್ರೈಮಾಸಿಕದ ಸಂಚಿಕೆಗಳು ಅಲ್ಲಿವೆ. ವರ್ಷಕ್ಕೆ 4ರಂತೆ 184 ಇರಬೇಕಾಗಿತ್ತು, ಇರುವುದು 163. ಉಳಿದ 21 ಯಾರ ಮನೆಯ ಅಟ್ಟದಲ್ಲಿವೆಯೋ, ಯಾವ ರದ್ದಿಯವನ ತಕ್ಕಡಿಗೆ ಏರಿದವೋ ಬಲ್ಲವರಿಲ್ಲ. 2016ರಿಂದ ಈಚೆಗಿನವು ಗಣಕಯಂತ್ರದಲ್ಲಿಯೇ ಇರುವುದರಿಂದ ಅವುಗಳ ಚಿಂತೆ ಇಲ್ಲ.

ಯುಗಾದಿಯ ಕೂಟದ ದಿನ ಎಪ್ಪತ್ತೈದು ದಾಟಿದ ಹಿರಿಯ ಸದಸ್ಯೆಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಉಡುಪಿಯ ಕಡೆಯವರು. "ಮಗಾ, ನಾನು ಮದುವೆಯಾಗಿ ಈ ಮುಂಬಯಿಗೆ ಬಂದ ಹೊಸತರಲ್ಲಿ ನಿಮ್ಮ ಪತ್ರಿಕೆಗೆ ಒಂದು ಲೇಖನ ಬರೆದಿದ್ದೆ. ಒಂದೇ ಒಂದು. ಮನೆಯಲ್ಲಿದ್ದ ಪ್ರತಿ 2005ರ ಜುಲೈ 26ರ ಮಳೆಯಲ್ಲಿ ನೀರುಪಾಲಾಯಿತು. ಅದನ್ನು ಮೊಮ್ಮಗಳಿಗೆ ಓದಿ ಹೇಳಬೇಕೆಂದು ಆಸೆ. ಕಣ್ಣು ಇರುವಾಗಲೇ ಸಿಕ್ಕಿದರೆ ಒಳ್ಳೆಯದು" ಎಂದರು. ಯಾವ ವರ್ಷ? ನೆನಪಿಲ್ಲ. ತಲೆಬರಹ? ಸಂಪಾದಕರು ಬದಲಾಯಿಸಿದ್ದರು, ಅದೂ ನೆನಪಿಲ್ಲ. ಹೆಸರು? ಆಗಿನ ಸಂಕೋಚ, 'ಒಬ್ಬ ಗೃಹಿಣಿ' ಎಂದು ಸಹಿ. ಆ ಕಾಲದ ಸಂಚಿಕೆಗಳಲ್ಲಿ 'ಒಬ್ಬ ಗೃಹಿಣಿ'ಯರು ಅದೆಷ್ಟು ಮಂದಿ! ಚಾಳಿನಲ್ಲಿ ಭಾಷೆ ಬಾರದೆ, ಪಕ್ಕದ ಮನೆಯ ಮರಾಠಿ ಹೆಂಗಸಿನಿಂದ ತೆಂಗಿನಕಾಯಿ ತುರಿಯುವ ಮಣೆಯನ್ನು ಕೈಸನ್ನೆಯಿಂದ ಕಡ ಕೇಳಿದ ಸಂಗತಿ ಅದರಲ್ಲಿತ್ತು ಎಂಬುದೊಂದೇ ಸುಳಿವು.

ಸಂಚಿಕೆಗೆ 48 ಪುಟ. 163 ಸಂಚಿಕೆಗೆ 7,824 ಪುಟ. ಒಂದೊಂದಾಗಿ ಮಗುಚಿ ನೋಡೋಣವೆಂದರೆ ಮಗುಚಿದ ಪುಟವೆಲ್ಲ ಮುರಿಯುತ್ತದೆ. ಆದ್ದರಿಂದ ಎಲ್ಲವನ್ನೂ ಒಮ್ಮೆ ಮಾತ್ರ ತೆರೆದು, ಛಾಯೆ ಹಿಡಿದು, ಮತ್ತೆ ಮುಚ್ಚಿಬಿಡುವುದೆಂದು ಸಮಿತಿ ತೀರ್ಮಾನಿಸಿತು. ನಮ್ಮ ಯುವಕ ಯುವತಿಯರು ಐದು ತಿಂಗಳ ಭಾನುವಾರಗಳನ್ನು ಸ್ಕ್ಯಾನರಿನ ಮುಂದೆ ಕಳೆದರು. ಅವರಿಗೆ ಸಂಘ ಋಣಿಯಾಗಿದೆ.

ಆದರೆ ಛಾಯೆ ಎಂದರೆ ಚಿತ್ರವೇ ಹೊರತು ಅಕ್ಷರವಲ್ಲ. ಚಿತ್ರದಲ್ಲಿ ಶಬ್ದವನ್ನು ಹುಡುಕಲು ಬರುವುದಿಲ್ಲ. ಚಿತ್ರವನ್ನು ನೋಡಿ ಅಕ್ಷರವನ್ನು ಗುರುತಿಸಿ ಬರೆದುಕೊಡುವ ತಂತ್ರಾಂಶಗಳಿವೆ. ಅವುಗಳಲ್ಲಿ ಟೆಸರಾಕ್ಟ್ ಎಂಬುದು 1980ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕನ್ನಡವನ್ನೂ ಓದುತ್ತದೆ, ಹಣ ಕೇಳುವುದಿಲ್ಲ. ಅದನ್ನು ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆವು. ಒಂದು ಪುಟಕ್ಕೆ 40 ಸೆಕೆಂಡು. ಹಾಗಾದರೆ ಒಟ್ಟು ಸುಮಾರು 87 ಗಂಟೆ. ಮೊದಲನೆಯ ರಾತ್ರಿಯೇ ಯಂತ್ರವು ಕಾದ ಹಂಚಿನಂತಾಗಿ ತಾನಾಗಿ ನಿಂತುಹೋಯಿತು. ಅದಲ್ಲದೆ ಇದು ಒಂದು ಸಲ ಮಾಡಿ ಮುಗಿಸುವ ಕೆಲಸವೂ ಅಲ್ಲ. ಚಿತ್ರವನ್ನು ಸ್ವಲ್ಪ ತಿಳಿಗೊಳಿಸಿದರೆ, ಒಂದು ಸೂಚನೆಯನ್ನು ಬದಲಿಸಿದರೆ, ಎಲ್ಲ ಪುಟಗಳನ್ನೂ ಮತ್ತೆ ಮೊದಲಿನಿಂದ ಓದಿಸಬೇಕು.

ಪುಣೆಯಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ನಮ್ಮ ಹೆಂಡತಿಯ ತಮ್ಮನಿಗೆ ಈ ಕಷ್ಟವನ್ನು ಹೇಳಿಕೊಂಡೆವು. ಅವನು ನಕ್ಕು, "ಭಾವ, ಇದು ಮನೆಯ ಒಲೆಯ ಮೇಲೆ ಮಾಡುವ ಅಡುಗೆಯಲ್ಲ, ಸಮಾರಾಧನೆಯ ಅಡುಗೆ. ಮೂವತ್ತು ಒಲೆಗಳನ್ನು ಬಾಡಿಗೆಗೆ ತನ್ನಿ, ಬೇಯಿಸಿ, ಅಂದೇ ಹಿಂದಿರುಗಿಸಿ. ಕ್ಲೌಡ್ ಇರುವುದೇ ಅದಕ್ಕೆ" ಎಂದನು.

ಕ್ಲೌಡ್ ಎಂದರೆ ಮೋಡ. ಕಾಳಿದಾಸನ ಯಕ್ಷನ ಮೋಡ ಆಕಾಶದಲ್ಲಿ ತೇಲುತ್ತಿತ್ತು. ಈ ಮೋಡ ನೆಲದ ಮೇಲೆಯೇ ಇದೆ, ಅದೂ ನಮ್ಮ ನಿಮ್ಮ ಊರುಗಳಲ್ಲಿ. ಮೈಕ್ರೋಸಾಫ್ಟಿನವರು 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿ, ಅಮೆಜಾನಿನವರು 2016ರಲ್ಲಿ ಮುಂಬಯಿಯಲ್ಲಿ ಹಾಗೂ 2022ರಲ್ಲಿ ಹೈದರಾಬಾದಿನಲ್ಲಿ, ಗೂಗಲ್‌ನವರು 2017ರಲ್ಲಿ ಮುಂಬಯಿಯಲ್ಲಿ ಹಾಗೂ 2021ರಲ್ಲಿ ದೆಹಲಿಯಲ್ಲಿ ಇಂತಹ ಯಂತ್ರಾಗಾರಗಳನ್ನು ತೆರೆದರು. ಹೊಟ್ಟೆಪಾಡಿಗಾಗಿ ಕನ್ನಡಿಗರು ಯಾವ ಯಾವ ಊರುಗಳಿಗೆ ಹೋದರೋ, ಮೋಡವೂ ಅಲ್ಲಿಗೇ ಬಂದು ನೆಲೆಸಿದೆಯೆಂದರೆ ಅತಿಶಯೋಕ್ತಿಯಾಗದು. ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಯಂತ್ರಗಳು. ಬೇಕಾದವರು ಬೇಕಾದಷ್ಟು ಹೊತ್ತು ಬಾಡಿಗೆಗೆ ಪಡೆಯಬಹುದು.

ಇಲ್ಲಿ ನಮ್ಮ ಅವಿವೇಕವನ್ನು ಮರೆಮಾಚದೆ ಹೇಳಬೇಕಾಗಿದೆ. ಸಮಿತಿ ಈ ಕೆಲಸಕ್ಕೆ 2,000 ರೂಪಾಯಿ ಮಂಜೂರು ಮಾಡಿತ್ತು. ನಾವು ಬಿ.ಎ. ಪಾಸು ಮಾಡಿದ ಸರ್ಕಾರಿ ಗುಮಾಸ್ತರು. ಪರದೆಯ ಮೇಲೆ ಕಂಡ ಗುಂಡಿಗಳನ್ನು ಒತ್ತುತ್ತ ಒಂದು ಕಂಪನಿಯ ಎಂಟು ಪ್ರೊಸೆಸರಿನ ಯಂತ್ರವನ್ನು ಹಿಡಿದೆವು. ಶನಿವಾರ ಸಂಜೆ ಹತ್ತಿಪ್ಪತ್ತು ಪುಟ ಓದಿಸಿ, ಸಂತೋಷದಿಂದ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಲಗಿದೆವು. ಮುಚ್ಚಳ ಹಾಕಿದರೆ ಅಲ್ಲಿಯ ಯಂತ್ರವೂ ನಿಲ್ಲುತ್ತದೆಂದು ನಮ್ಮ ತಿಳಿವಳಿಕೆ. ಅದು ನಿಲ್ಲಲಿಲ್ಲ. ಗಂಟೆಗೆ ಸುಮಾರು 30 ರೂಪಾಯಿಯಂತೆ 9 ದಿನ, ಅಂದರೆ 216 ಗಂಟೆ, ಯಾರೂ ಇಲ್ಲದ ಮನೆಯಲ್ಲಿ ಉರಿವ ದೀಪದಂತೆ ಓಡುತ್ತಲೇ ಇತ್ತು. ಬಿಲ್ಲು ಆರೂವರೆ ಸಾವಿರಕ್ಕೆ ಹತ್ತಿರ! ತಪ್ಪು ಕಂಪನಿಯದಲ್ಲ, ನಮ್ಮದೇ. ಹೆಚ್ಚಾದ ಹಣ ಮಕ್ಕಳ ಬಹುಮಾನದ ನಿಧಿಯಿಂದ ಹೋಗಿತ್ತು. ಸಮಿತಿಯವರು ದೊಡ್ಡ ಮನಸ್ಸಿನಿಂದ ಬೇಡವೆಂದರೂ ಎರಡು ಕಂತಿನಲ್ಲಿ ಕೈಯಿಂದ ತುಂಬಿದೆವು. "ಮೋಡದ ಸಹವಾಸ ಸಾಕು" ಎಂದು ಕೆಲವರು ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕೊನೆಗೆ ಖಜಾಂಚಿಯವರು, "ಇನ್ನು 500 ರೂಪಾಯಿ. ಅದರಲ್ಲಿ ಆದರೆ ಆಯಿತು, ಇಲ್ಲವಾದರೆ ಕಪಾಟಿಗೆ ಬೀಗ" ಎಂದು ತೀರ್ಪು ಕೊಟ್ಟರು.

ಸುದ್ದಿ ಕೇಳಿದ ಭಾವಮೈದುನ ಮಾರನೆಯ ಭಾನುವಾರವೇ ಬಂದನು. "ಗುಂಡಿ ಒತ್ತಿ ಮಾಡಿದ ಕೆಲಸಕ್ಕೆ ದಾಖಲೆ ಇರುವುದಿಲ್ಲ, ಭಾವ. ನೀವು ಕಚೇರಿಯವರು. ಮಾಡಬೇಕಾದುದನ್ನೆಲ್ಲ ಒಂದು ಕಾಗದದ ಮೇಲೆ ಕ್ರಮವಾಗಿ ಬರೆದು ಕಳುಹಿಸಿ. ಕೆಲಸ ಮುಗಿದೊಡನೆ ಯಂತ್ರ ತಾನಾಗಿ ಹಿಂದಕ್ಕೆ ಹೋಗುವ ಹಾಗೆ ಮಾಡೋಣ" ಎಂದನು. ಆ ಕಾಗದಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಚಿತ್ರ, ಗುಂಡಿ ಯಾವುದೂ ಇಲ್ಲದ ಕರಿಯ ಪರದೆಯಲ್ಲಿ ಆಜ್ಞೆಗಳನ್ನು ಬೆರಳಚ್ಚಿನಿಂದ ಬರೆದು ಕೊಡುವ ಪದ್ಧತಿ ಇದು. ನಾವು ಇದನ್ನು ಚೀಟಿ ಎಂದು ಕರೆಯುತ್ತೇವೆ.

ಈ ಪದ್ಧತಿ ಹೊಸತೆಂದು ತಿಳಿಯಬೇಕಾಗಿಲ್ಲ. ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದ ಗಣಕಯಂತ್ರಕ್ಕೆ ಟಿಫ್ರ್ಯಾಕ್ ಎಂದು ನಾಮಕರಣವಾಯಿತು. 1964ರಲ್ಲಿ ಅಲ್ಲಿಗೆ ಸಿಡಿಸಿ 3600 ಎಂಬ ದೊಡ್ಡ ಯಂತ್ರ ಬಂದಿತು. ಆ ಕಾಲದಲ್ಲಿ ಯಂತ್ರದ ಮುಂದೆ ಯಾರೂ ಕೂರುತ್ತಿರಲಿಲ್ಲ. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರುವುದು, ಸರದಿ ಬಂದಾಗ ಯಂತ್ರ ಅದನ್ನು ಓದಿ ಲೆಕ್ಕ ಮಾಡುವುದು, ಆಮೇಲೆ ಹೋಗಿ ಉತ್ತರವನ್ನು ತರುವುದು. ಹೀಗೆ ಕೆಲಸಗಳನ್ನು ಕಟ್ಟುಕಟ್ಟಾಗಿ ಮಾಡುವುದಕ್ಕೆ ಬ್ಯಾಚ್ ಎಂದು ಹೆಸರು. ಕಿಟಕಿ ಹೋಗಿದೆ, ಕಾರ್ಡು ಹೋಗಿದೆ. ಕ್ರಮ ಮಾತ್ರ ಅದೇ ಉಳಿದಿದೆ.

ಎರಡನೆಯ ಪ್ರಯತ್ನಕ್ಕೆ ಅಮೆಜಾನಿನ ಬ್ಯಾಚ್ ಎಂಬ ಸೇವೆಯನ್ನೇ ಆರಿಸಿಕೊಂಡೆವು. ಇದರಲ್ಲಿ ಬ್ಯಾಚಿಗೆಂದು ಪ್ರತ್ಯೇಕ ಶುಲ್ಕವಿಲ್ಲ. ಯಂತ್ರ ಓಡಿದಷ್ಟಕ್ಕೆ ಮಾತ್ರ ಬಾಡಿಗೆ. ಚೀಟಿ ಬರೆಯುವ ಮುನ್ನ ಮೂರು ಏರ್ಪಾಡುಗಳು ಬೇಕು.

ಮೊದಲನೆಯದು ಉಗ್ರಾಣ. ಚಿತ್ರಗಳನ್ನೂ ಅಕ್ಷರಗಳನ್ನೂ ಇಡುವ ಜಾಗ. ಅವರ ಭಾಷೆಯಲ್ಲಿ ಬಕೆಟ್. ಎರಡನೆಯದು ಬುತ್ತಿ. ಟೆಸರಾಕ್ಟ್, ಅದರ ಕನ್ನಡ ಪಾಠ, ಒಂದು ಸಂಚಿಕೆಯನ್ನು ಓದುವ ವಿಧಾನ, ಇವೆಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕಟ್ಟಿಡುವುದು. ಇದಕ್ಕೆ ಕಂಟೇನರ್ ಎನ್ನುತ್ತಾರೆ. ನಮ್ಮ ಊರಿನ ಡಬ್ಬಾವಾಲರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಬ್ಬಿಯನ್ನು ಯಾವ ಕಚೇರಿಯಲ್ಲಿ ತೆರೆದರೂ ಒಳಗೆ ಅದೇ ಊಟ. ಮೂರನೆಯದು ಯಂತ್ರಗಳ ಮಿತಿ. ಒಮ್ಮೆಗೆ ಹೆಚ್ಚೆಂದರೆ 32 ಪ್ರೊಸೆಸರುಗಳು, ಕೆಲಸವಿಲ್ಲದಾಗ ಸೊನ್ನೆ. ಈ ಸೊನ್ನೆಯೇ ಮುಖ್ಯ. ಸರದಿ ಬರಿದಾದೊಡನೆ ಯಂತ್ರಗಳು ತಾವಾಗಿಯೇ ಹೊರಟುಹೋಗುತ್ತವೆ. ನಮ್ಮ ಆರೂವರೆ ಸಾವಿರದ ಪಾಠಕ್ಕೆ ಉತ್ತರ ಈ ಒಂದು ಸೊನ್ನೆಯಲ್ಲಿತ್ತು.

ಇನ್ನು ಚೀಟಿ. ಒಟ್ಟು ಇಪ್ಪತ್ತು ಸಾಲು. ಮೊದಲ ಸಾಲಿನಲ್ಲಿ ಇದನ್ನು ಯಾರು ಓದಬೇಕೆಂಬ ವಿಳಾಸ. ಎರಡನೆಯದರಲ್ಲಿ, ಯಾವ ಹೆಜ್ಜೆ ತಪ್ಪಿದರೂ ಮುಂದಕ್ಕೆ ಹೋಗದೆ ಅಲ್ಲಿಯೇ ನಿಲ್ಲು ಎಂಬ ಕಟ್ಟಪ್ಪಣೆ. ಆಮೇಲೆ ಉಗ್ರಾಣದ ಹೆಸರು, ಊರು ಮುಂಬಯಿ. ಅನಂತರ 'ಸಿಂಕ್' ಎಂಬ ಆಜ್ಞೆ: ಮನೆಯ ಚಿತ್ರಗಳನ್ನು ಉಗ್ರಾಣದ ಪಟ್ಟಿಗೆ ತಾಳೆ ನೋಡಿ, ಅಲ್ಲಿ ಇಲ್ಲದವನ್ನೂ ಬದಲಾದವನ್ನೂ ಮಾತ್ರ ಕಳುಹಿಸುವುದು. ಅದಾದ ಮೇಲೆ ಮುಖ್ಯ ಸಾಲು, 'ಸಬ್ಮಿಟ್-ಜಾಬ್'. ಇಂತಹ ಹೆಸರಿನ ಕೆಲಸ, ಇಂತಹ ಸರದಿಗೆ ಸೇರಿಸು, ಇಂತಹ ಬುತ್ತಿಯನ್ನು ತೆರೆ, 163 ತುಂಡು ಮಾಡಿ ಹಂಚು. ಹೀಗೆ ಒಂದೇ ಚೀಟಿಯಿಂದ 2ರಿಂದ 10,000 ತುಂಡುಗಳವರೆಗೆ ಹಂಚಬಹುದು. ಪ್ರತಿಯೊಂದು ತುಂಡಿಗೂ ತನ್ನ ಕ್ರಮಸಂಖ್ಯೆ ಯಾವುದೆಂದು ಯಂತ್ರವೇ ತಿಳಿಸುತ್ತದೆ. ಆದರೆ ಆ ಎಣಿಕೆ ಆರಂಭವಾಗುವುದು ಒಂದರಿಂದಲ್ಲ, ಸೊನ್ನೆಯಿಂದ! ನಮ್ಮ ಸಂಚಿಕೆಗಳ ಪಟ್ಟಿ 1ರಿಂದ ಇದ್ದುದರಿಂದ ಪ್ರತಿಸಲವೂ ಒಂದನ್ನು ಕೂಡಿಸಿಕೊಳ್ಳಬೇಕೆಂದು ಬರೆಯಬೇಕಾಯಿತು. ಬರೆಯದಿದ್ದರೆ ಮೊದಲನೆಯ ಸಂಚಿಕೆಗೆ ಓದುವ ಭಾಗ್ಯವೇ ಇರುತ್ತಿರಲಿಲ್ಲ.

ಚೀಟಿ ಕೊಟ್ಟೊಡನೆ ಒಂದು ಸಂಖ್ಯೆ ಬರುತ್ತದೆ. ಟಪಾಲು ವಿಭಾಗದ ಸ್ವೀಕೃತಿ ಸಂಖ್ಯೆಯಂತೆ ಅದನ್ನು ದಿನಾಂಕದೊಡನೆ ಒಂದು ವಹಿಯಲ್ಲಿ ಬರೆದಿಡುವುದು ಮುಂದಿನ ಸಾಲಿನ ಕೆಲಸ. ಆಮೇಲೆ ನಿಮಿಷಕ್ಕೊಮ್ಮೆ, "ನಮ್ಮ ಕಡತ ಎಲ್ಲಿಗೆ ಬಂತು?" ಎಂದು ಕೇಳುತ್ತಿರುವುದು. ಕಡತ ದಾಟುವ ಮೆಟ್ಟಿಲುಗಳು ಹೀಗೆ: ಸಬ್ಮಿಟೆಡ್, ಪೆಂಡಿಂಗ್, ರನ್ನಬಲ್, ಸ್ಟಾರ್ಟಿಂಗ್, ರನ್ನಿಂಗ್, ಕೊನೆಗೆ ಸಕ್ಸೀಡೆಡ್ ಅಥವಾ ಫೇಲ್ಡ್. ಪೆಂಡಿಂಗ್ ಎಂಬುದನ್ನು ಓದಿದಾಗ ನಮಗೆ ಹಳೆಯ ಸ್ನೇಹಿತನನ್ನು ಕಂಡಂತಾಯಿತು. ಹೊಸಬರ ಕಡತ ಹೆಚ್ಚಾಗಿ ಸಿಕ್ಕಿಕೊಳ್ಳುವುದು ರನ್ನಬಲ್ ಎಂಬಲ್ಲಿ. ಅದರರ್ಥ ಕೆಲಸ ಸಿದ್ಧ, ಯಂತ್ರ ಸಿಕ್ಕಿಲ್ಲ. ನಾವು ಕೇಳಿದಷ್ಟು ಸಾಮರ್ಥ್ಯದ ಯಂತ್ರ ನಾವೇ ಹಾಕಿದ ಮಿತಿಯೊಳಗೆ ಇಲ್ಲದಿದ್ದರೆ ಅದು ಅಲ್ಲಿಂದ ಕದಲುವುದಿಲ್ಲ; ದೂರು ಹೇಳುವುದಕ್ಕೆ ಮೊದಲು ನಮ್ಮ ಬೇಡಿಕೆಯನ್ನೇ ತಿರುಗಿ ನೋಡಿಕೊಳ್ಳಬೇಕು. ಕೆಲಸ ಮುಗಿದಾಗ ಪ್ರತಿ ತುಂಡೂ ಒಂದು ಅಂಕ ಕೊಟ್ಟು ಹೋಗುತ್ತದೆ. ಸೊನ್ನೆ ಕೊಟ್ಟರೆ ಪಾಸು, ಬೇರೆ ಏನನ್ನು ಕೊಟ್ಟರೂ ನಪಾಸು. ಶಾಲೆಯಲ್ಲಿ ನಾವು ಕಂಡುದಕ್ಕೆ ತದ್ವಿರುದ್ಧ!

ಬಾಡಿಗೆಯನ್ನು ಇನ್ನೂ ಇಳಿಸಲು ಸ್ಪಾಟ್ ಎಂಬ ದರದಲ್ಲಿ ಯಂತ್ರ ಹಿಡಿದೆವು. ಬೇರೆ ಗಿರಾಕಿ ಇಲ್ಲದೆ ಖಾಲಿ ಇರುವ ಯಂತ್ರಗಳನ್ನು ಅಗ್ಗವಾಗಿ ಕೊಡುತ್ತಾರೆ. ತಮಗೆ ಬೇಕಾದಾಗ ಎರಡು ನಿಮಿಷದ ಸೂಚನೆ ಕೊಟ್ಟು ಹಿಂದಕ್ಕೆ ಪಡೆಯುತ್ತಾರೆ. ಆದ್ದರಿಂದ ಪುಟವೊಂದನ್ನು ಓದಿ ಮುಗಿಸಿದ ಕೂಡಲೆ ಉಗ್ರಾಣಕ್ಕೆ ಹಾಕಬೇಕು. ಕೆಲಸ ಮತ್ತೆ ಆರಂಭವಾದರೆ ಆಗಲೇ ಆಗಿರುವ ಪುಟಗಳನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಕೆಟ್ಟರೆ ಮೂರು ಸಲ ಪ್ರಯತ್ನಿಸಬೇಕು. ಇದನ್ನೂ ಬುತ್ತಿಯೊಳಗೆ ಬರೆದಿಟ್ಟೆವು. ಬಾಡಿಗೆ 300 ರೂಪಾಯಿ ಮುಟ್ಟಿದರೆ ನಮಗೂ ಖಜಾಂಚಿಯವರಿಗೂ ಮಿಂಚಂಚೆ ಬರುವ ಹಾಗೆ ಮಾಡಿದೆವು. ಆದರೆ ಆ ಅಂಚೆ ಎಚ್ಚರಿಸುತ್ತದೆಯೇ ವಿನಾ ತಾನಾಗಿ ಯಂತ್ರವನ್ನು ನಿಲ್ಲಿಸುವುದಿಲ್ಲ, ಮತ್ತು ಕೆಲವು ಗಂಟೆ ತಡವಾಗಿಯೂ ಬರಬಹುದು. ಕಾವಲುಗಾರನಿದ್ದಾನೆಂದು ಬಾಗಿಲು ತೆರೆದಿಟ್ಟು ಮಲಗಬಾರದು.

ನಾವು ಚೀಟಿಯಲ್ಲಿಯೇ ಖಾತೆಯ ಗುಪ್ತ ಕೀಲಿಯನ್ನೂ ಬರೆದುಬಿಟ್ಟಿದ್ದೆವು. ಅದನ್ನು ಕಂಡು ಭಾವಮೈದುನ ಹೌಹಾರಿದನು. "ಚೀಟಿಯನ್ನು ನಾಳೆ ಇನ್ನೊಬ್ಬರಿಗೆ ಕೊಡುತ್ತೀರಿ. ಕೀಲಿಯನ್ನೂ ಕೊಟ್ಟ ಹಾಗಾಗುತ್ತದೆ" ಎಂದು ಅಳಿಸಿ, ಆ ಕೀಲಿಯನ್ನು ರದ್ದುಮಾಡಿ, ಕೆಲವೇ ಗಂಟೆ ನಡೆಯುವ ತಾತ್ಕಾಲಿಕ ಕೀಲಿಯ ಏರ್ಪಾಡು ಮಾಡಿದನು.

ಮೊದಲು 2 ಸಂಚಿಕೆಗಳನ್ನು ಮಾತ್ರ ಕಳುಹಿಸಿ ನೋಡಿದೆವು. ಸರಿಹೋಯಿತು. ಒಂದು ಶನಿವಾರ ರಾತ್ರಿ ಒಂಬತ್ತು ಗಂಟೆಗೆ, ಖಜಾಂಚಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, 163ಕ್ಕೂ ಚೀಟಿ ಕೊಟ್ಟೆವು. ಅಲ್ಲಿಯ ಯಂತ್ರಗಳಲ್ಲಿ ಪುಟಕ್ಕೆ 20 ಸೆಕೆಂಡು, ಸಂಚಿಕೆಗೆ 16 ನಿಮಿಷ. ಒಮ್ಮೆಗೆ 32 ಸಂಚಿಕೆ. ಒಂದೂಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಮೇಲಿನ ಷರಾ ಮಾತ್ರ ಫೇಲ್ಡ್! ನಮ್ಮ ಎದೆ ಧಸಕ್ಕೆಂದಿತು. ವಿಚಾರಿಸಲಾಗಿ, ಒಂದು ತುಂಡು ಕೆಟ್ಟರೂ ಒಟ್ಟು ಕಡತಕ್ಕೆ ಆ ಷರಾ ಬೀಳುತ್ತದಂತೆ. ಕೆಟ್ಟದ್ದು 5 ಸಂಚಿಕೆ. ಸ್ಕ್ಯಾನು ಮಾಡುವಾಗ ಕೆಲವು ಚಿತ್ರಗಳು ಖಾಲಿಯಾಗಿ ಉಳಿದಿದ್ದವು. ಅವನ್ನು ಸರಿಪಡಿಸಿ, ಆ ಐದನ್ನೇ ಮತ್ತೆ ಕಳುಹಿಸಿದೆವು. ಹನ್ನೊಂದೂವರೆಗೆ ಎಲ್ಲವೂ ಪಾಸು, ಯಂತ್ರಗಳ ಸಂಖ್ಯೆ ಸೊನ್ನೆ. ಆ ರಾತ್ರಿಯ ಬಾಡಿಗೆ ನೂರು ರೂಪಾಯಿ ಮುಟ್ಟಲಿಲ್ಲ. ಖಜಾಂಚಿಯವರು ಅದನ್ನು ಎರಡು ಸಲ ಓದಿ, ಏನೂ ಮಾತಾಡದೆ ಕಾಫಿ ಕೇಳಿದರು.

ಯಂತ್ರ ಓದಿದ್ದೆಲ್ಲ ಸರಿಯೆಂದು ವಾಚಕರು ಭಾವಿಸಬಾರದು. ಹಳೆಯ ಮೊಳೆಯಚ್ಚಿನಲ್ಲಿ ಅದಕ್ಕೆ ಪ-ವ-ಷಗಳ ಭೇದ ತಿಳಿಯದು, ದ-ಧ-ಥಗಳಲ್ಲಿ ತಡವರಿಸುತ್ತದೆ, ಒತ್ತಕ್ಷರ ಕಂಡರೆ ಎಡವುತ್ತದೆ. ಆದರೂ ಹುಡುಕುವುದಕ್ಕೆ ಸಾಕು. ಮರುದಿನ ಬೆಳಗ್ಗೆ ನಾವು ತುಮಕೂರಿನವರು 'ತುರಿಮಣೆ' ಎಂದು ಹುಡುಕಿದೆವು. ಇಲ್ಲ. 'ತುರಿಯುವ' ಎಂದು ಹುಡುಕಿದರೆ ಅಡುಗೆಯ ಪುಟಗಳು ಬಂದವು. ಮಧ್ಯಾಹ್ನದವರೆಗೂ ಚಾಳು, ಸನ್ನೆ, ತೆಂಗಿನಕಾಯಿ ಎಂದು ಬಗೆಬಗೆಯಾಗಿ ಹುಡುಕಿ ಸೋತು, ಕೊನೆಗೆ ಆ ಅಮ್ಮನವರಿಗೇ ಫೋನು ಮಾಡಿದೆವು. "ಅಮ್ಮ, ಆ ಮಣೆಗೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?" ಎಂದು ಕೇಳಿದೆವು. "ಹೆರೆಮಣೆ. ಮತ್ತೆಂಥದು?" ಎಂದರು.

'ಹೆರೆಮಣೆ' ಎಂದು ಬರೆದೆವು. 1972ರ ದೀಪಾವಳಿ ಸಂಚಿಕೆ, 31ನೆಯ ಪುಟ. ಯಂತ್ರ ತಪ್ಪಿರಲಿಲ್ಲ, ನಾವು ನಮ್ಮ ಊರಿನ ಮಾತಿನಲ್ಲಿ ಕೇಳುತ್ತಿದ್ದೆವು, ಅವರು ತಮ್ಮ ಊರಿನ ಮಾತಿನಲ್ಲಿ ಬರೆದಿದ್ದರು.

ಲೇಖನ ಎರಡೂವರೆ ಪುಟ. ಕೊನೆಯ ಅರ್ಧ ಪುಟದ ಕಾಗದವೇ ಹರಿದುಹೋಗಿದೆ. ಯಂತ್ರಕ್ಕಾಗಲಿ ನಮಗಾಗಲಿ ಅದನ್ನು ಓದಲು ಸಾಧ್ಯವಿಲ್ಲ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅವರ ಮನೆಗೆ ಒಯ್ದೆವು. ಅವರೇ ಓದಿದರು, ಮೊಮ್ಮಗಳು ಕೇಳಿದಳು. ಹರಿದಲ್ಲಿಗೆ ಬಂದಾಗ ನಿಲ್ಲಿಸಲಿಲ್ಲ. ಉಳಿದುದನ್ನು ಬಾಯಿಯಲ್ಲೇ ಹೇಳಿದರು. ಚಾಳನ್ನು ಬಿಟ್ಟು ಬರುವ ದಿನ ಪಕ್ಕದ ಮನೆಯವರು ಆ ಹೆರೆಮಣೆಯನ್ನು ಇವರಿಗೇ ಕೊಟ್ಟುಬಿಟ್ಟರಂತೆ. ಒಳಗೆ ಹೋಗಿ ಅದನ್ನು ತಂದು ತೋರಿಸಿದರು. ಕನ್ನಡವನ್ನು ಮಾತಾಡಬಲ್ಲಳಾದರೂ ಬರೆಯಲು ಬಾರದಿದ್ದ ಆ ಹುಡುಗಿ, ಅಜ್ಜಿ ಹೇಳಿದ ಕೊನೆಯನ್ನು ಬರೆದುಕೊಡುವುದಕ್ಕೆಂದು ಈಗ ಅಕ್ಷರ ತಿದ್ದುತ್ತಿದ್ದಾಳೆ. ಭಾನುವಾರಗಳಲ್ಲಿ ಯಂತ್ರ ಮಾಡಿದ ತಪ್ಪುಗಳನ್ನು ಮೂಲದೊಡನೆ ಹೋಲಿಸಿ ತಿದ್ದಲು ಸಂಘದ ಇತರ ಮಕ್ಕಳೂ ಬರುತ್ತಿದ್ದಾರೆ. ಪ-ವಗಳ ಭೇದ ಯಂತ್ರಕ್ಕೆ ತಿಳಿಯದಿದ್ದುದು ಈ ಒಂದು ಲಾಭವನ್ನು ಮಾಡಿಕೊಟ್ಟಿದೆ.

ಕಡೆಯಲ್ಲಿ ಎರಡು ಬಿನ್ನಹ. ಚೀಟಿಯ ಪ್ರತಿಯೊಂದನ್ನು ಸಂಘದ ಗ್ರಂಥಪಾಲಕರ ಬಳಿ ಇಟ್ಟಿದೆ. ಕೀಲಿ ಇಲ್ಲದ ಪ್ರತಿ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳಲ್ಲಿಯೂ ಇಂತಹ ಕಪಾಟುಗಳು ಇರಲೇಬೇಕು. ಬೇಕಾದವರು ಪಡೆದುಕೊಳ್ಳಬಹುದು, ಉಗ್ರಾಣದ ಹೆಸರು, ಊರು, ಸಂಚಿಕೆಗಳ ಸಂಖ್ಯೆ, ಈ ಮೂರನ್ನು ಬದಲಿಸಿದರೆ ಸಾಕು. ಮೊದಲು ಎರಡನ್ನು ಕಳುಹಿಸಿ ನೋಡುವುದನ್ನೂ, ಕೆಲಸವಿಲ್ಲದಾಗ ಯಂತ್ರ ಸೊನ್ನೆ ಎಂದು ಬರೆಯುವುದನ್ನೂ ಮರೆಯಬಾರದು.

ಎರಡನೆಯದು, ಆ 21 ಸಂಚಿಕೆಗಳು. ನಿಮ್ಮ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯ ಅಡಿಯಲ್ಲಿ, ಪಾತ್ರೆಗಳಿಗೆ ಹಾಸಿದ ಕಾಗದದಲ್ಲಿಯಾದರೂ ಸರಿ, ಒಮ್ಮೆ ನೋಡಿರಿ. 1972ರ ದೀಪಾವಳಿ ಸಂಚಿಕೆಯ ಇನ್ನೊಂದು ಪ್ರತಿ ದೊರೆತರೆ 33ನೆಯ ಪುಟವನ್ನು ಮೊದಲು ತೆರೆಯಿರಿ. ಅಜ್ಜಿ ಹೇಳಿದ ಕೊನೆಯ ಪಕ್ಕದಲ್ಲಿ ಅವರೇ ಅಂದು ಬರೆದ ಕೊನೆಯನ್ನು ಅಚ್ಚುಹಾಕಲು ಸಂಪಾದಕರು ಸ್ಥಳವನ್ನು ಕಾದಿರಿಸಿದ್ದಾರೆ.